ಎಳೆದರೆ ನಿಲ್ಲಲ್ಲ, ಬಿಟ್ಟರೆ ಏರಲ್ಲ: ಸ್ಪ್ರಿಂಗ್ ರೋಲರ್ ಬ್ಲೈಂಡ್ ದೋಷ ನಿವಾರಣೆ

ರೋಲರ್ ಬ್ಲೈಂಡ್, ಅಂದರೆ ಕಿಟಕಿಯ ಮೇಲಿನ ಕೊಳವೆಗೆ ಸುತ್ತಿಕೊಳ್ಳುವ ಬಟ್ಟೆಯ ಪರದೆ, ಕೆಟ್ಟಿದೆ ಅಂತ ಜನ ಹೇಳುವಾಗ ಜಾಸ್ತಿ ಸಲ ಅದು ಕೆಟ್ಟೇ ಇರುವುದಿಲ್ಲ. ಒಳಗಿನ ಸ್ಪ್ರಿಂಗ್‌ನ ಬಿಗಿ ನಾಲ್ಕೈದು ಸುತ್ತು ಹೆಚ್ಚುಕಮ್ಮಿ ಆಗಿರುತ್ತದೆ, ಅಷ್ಟೇ. ಬೆಂಗಳೂರಿನ ನಮ್ಮ ಮನೆಯಲ್ಲಿ ಪಶ್ಚಿಮದ ಕಿಟಕಿಗೆ ಹಾಕಿದ ಬ್ಲೈಂಡ್ ಅರ್ಧಕ್ಕೇ ನಿಲ್ಲತೊಡಗಿದಾಗ, ನೋಡಲು ಬಂದವರು ಪೂರ್ತಿ ಬದಲಾಯಿಸಬೇಕು ಅಂದರು. ಎರಡು ದಿನ ಬಿಟ್ಟು ನಾನೇ ಕೆಳಗಿಳಿಸಿ, ಕೈಯಲ್ಲಿ ಸುತ್ತಿ, ಮತ್ತೆ ಹಾಕಿದೆ. ಹತ್ತು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ. ಆಮೇಲೆ ಅಕ್ಕಪಕ್ಕದ ಮನೆಗಳಲ್ಲೂ ಇದೇ ಕೆಲಸ ಮಾಡಿದ್ದೇನೆ. ಯಾರೂ ಸುಮ್ನೆ ದುಡ್ಡು ಕಳೆದುಕೊಳ್ಳಬಾರದು, ಹಾಗೆಯೇ ಯಾರೂ ಬೆರಳು ಜಜ್ಜಿಕೊಳ್ಳಲೂಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಒಳಗೆ ಏನಿದೆ

ಅಮೆರಿಕದ ಸ್ಟೂವರ್ಟ್ ಹಾರ್ಟ್ಸ್‌ಹಾರ್ನ್ ಎಂಬವರು 1864ರಲ್ಲಿ ಇಂಥ ಸ್ಪ್ರಿಂಗ್ ರೋಲರ್‌ಗೆ ಪೇಟೆಂಟ್ ಪಡೆದರು. ಮೂಲ ಉಪಾಯ ಇವತ್ತಿಗೂ ಅದೇ. ಕರೆಂಟಿಲ್ಲ, ಬ್ಯಾಟರಿಯಿಲ್ಲ, ಹಾಗಾಗಿ ಕಿವಿ ಮತ್ತು ಕೈ ಎರಡರಲ್ಲೇ ದೋಷ ಹಿಡಿಯಬಹುದು.

ಬಟ್ಟೆ ಸುತ್ತಿರುವ ಕೊಳವೆ ಟೊಳ್ಳು. ಅದರೊಳಗೆ ಉದ್ದನೆಯ ಸುರುಳಿ ಸ್ಪ್ರಿಂಗ್ ಇದೆ. ಸ್ಪ್ರಿಂಗ್‌ನ ಒಂದು ತುದಿ ಕೊಳವೆಗೆ ಅಂಟಿಕೊಂಡಿರುತ್ತದೆ, ಇನ್ನೊಂದು ತುದಿ ಹೊರಗೆ ಕಾಣುವ ಚಪ್ಪಟೆ ಪಿನ್ನಿಗೆ ಸೇರಿರುತ್ತದೆ. ಈ ಚಪ್ಪಟೆ ಪಿನ್ ಬ್ರಾಕೆಟ್‌ನ (ಕೊಳವೆಯ ತುದಿಗಳನ್ನು ಹಿಡಿದುಕೊಳ್ಳಲು ಸ್ಕ್ರೂ ಹಾಕಿ ಕೂರಿಸಿದ ಆಸರೆ) ಸೀಳಿನಲ್ಲಿ ಕೂರುವುದರಿಂದ ತಿರುಗಲಾರದು. ಕೊಳವೆಯ ಆ ಕಡೆ ತುದಿಯ ದುಂಡು ಪಿನ್ ಬರೀ ತೂತಿನಲ್ಲಿ ಆರಾಮಾಗಿ ತಿರುಗುತ್ತದೆ. ನೀವು ಬಟ್ಟೆ ಎಳೆದಾಗ ಕೊಳವೆ ತಿರುಗುತ್ತದೆ, ಪಿನ್ ತಿರುಗುವುದಿಲ್ಲ, ಮಧ್ಯೆ ಸಿಕ್ಕಿದ ಸ್ಪ್ರಿಂಗ್ ಬಿಗಿಯಾಗುತ್ತದೆ. ಕೀ ಕೊಡುವ ಗೊಂಬೆಯ ಹಾಗೆ.

ಹಾಗಾದರೆ ಎಳೆದಲ್ಲೇ ನಿಲ್ಲುವುದು ಹೇಗೆ? ಚಪ್ಪಟೆ ಪಿನ್ ಇರುವ ಕಡೆ ಒಂದು ಹಲ್ಲುಚಕ್ರ, ಅದಕ್ಕೆ ಬೀಳುವ ಒಂದೋ ಎರಡೋ ಸಣ್ಣ ಕೊಕ್ಕೆ ಇರುತ್ತವೆ. ಕೊಳವೆ ನಿಧಾನಕ್ಕೆ ತಿರುಗಿದರೆ ಕೊಕ್ಕೆ ಹಲ್ಲಿಗೆ ಬಿದ್ದು ಹಿಡಿಯುತ್ತದೆ. ಜೋರಾಗಿ ತಿರುಗಿದರೆ ಕೊಕ್ಕೆ ಹೊರಕ್ಕೆ ಸಿಡಿದು, ಹಲ್ಲಿಗೆ ತಾಗದೆ ಸುತ್ತುತ್ತದೆ. ನಿಧಾನ ಅಂದರೆ ನಿಲ್ಲು, ಜೋರು ಅಂದರೆ ಹೋಗು. ಮುಂದೆ ಬರುವ ದೋಷಗಳಲ್ಲಿ ಅರ್ಧ ಇದರಿಂದಲೇ ಅರ್ಥವಾಗುತ್ತವೆ.

ಶಾಲೆಗಳಲ್ಲಿ ಪ್ರೊಜೆಕ್ಟರ್‌ಗೆ ಎಳೆದು ಇಳಿಸುವ ಬಿಳಿ ಪರದೆ ಇರುತ್ತದಲ್ವಾ, ಅದರಲ್ಲೂ ಕೆಲಸ ಮಾಡುವುದು ಸ್ಪ್ರಿಂಗೇ. ಆದರೆ ಅದು ಇನ್ನೂ ಬಲವಾದದ್ದು. ಮುಂದೆ ಹೇಳುವ, ಬ್ರಾಕೆಟ್‌ನಿಂದ ಕೆಳಗಿಳಿಸುವ ಕೆಲಸ ಅದಕ್ಕೆ ಮಾಡಬೇಡಿ.

ಕೈ ಹಾಕುವ ಮೊದಲು

ಕಿಟಕಿ ಮುಚ್ಚಿ ಚಿಲಕ ಹಾಕಿ. ಎರಡನೇ ಮಹಡಿಯಾಗಲಿ ಹತ್ತನೆಯದಾಗಲಿ, ತೆರೆದ ಕಿಟಕಿಯ ಮುಂದೆ ಕುರ್ಚಿ ಹತ್ತಿ ಎರಡೂ ಕೈ ಮೇಲೆತ್ತುವ ಕೆಲಸ ಬೇಡವೇ ಬೇಡ. ಚಕ್ರದ ಕುರ್ಚಿ ಹತ್ತಬೇಡಿ. ಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ. ಬ್ಲೈಂಡ್ ಅಗಲವಿದ್ದರೆ ಆ ತುದಿ ಹಿಡಿಯಲು ಇನ್ನೊಬ್ಬರು ಇರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಬಿಗಿಯಾದ ಸ್ಪ್ರಿಂಗ್ ಇರುವ ಚಪ್ಪಟೆ ಪಿನ್ ಸೀಳಿನಿಂದ ಹೊರಬಂದಾಗ ಅದನ್ನು ತಡೆದು ನಿಲ್ಲಿಸುವುದು ಆ ಸಣ್ಣ ಕೊಕ್ಕೆ ಒಂದೇ. ಕೊಕ್ಕೆ ಸರಿಯಾಗಿ ಹಿಡಿಯದಿದ್ದರೆ ಪಿನ್ ಗಿರ್ ಅಂತ ತಿರುಗುತ್ತದೆ, ಬೆರಳಿಗೆ ಬಡಿದರೆ ಚರ್ಮ ಕಿತ್ತು ಬರುತ್ತದೆ. ಹಾಗಾಗಿ ಯಾವ ಲಕ್ಷಣ ಅಂತ ಗೊತ್ತುಮಾಡಿಕೊಳ್ಳದೆ ಬ್ಲೈಂಡನ್ನು ಬ್ರಾಕೆಟ್‌ನಿಂದ ಇಳಿಸಲು ಹೋಗಬೇಡಿ.

ಎಳೆದರೆ ನಿಲ್ಲುವುದಿಲ್ಲ, ಕೈ ಬಿಟ್ಟ ಕೂಡಲೇ ಮೇಲಕ್ಕೆ ಓಡುತ್ತದೆ

ಮೊದಲು ಎಳೆಯುವ ರೀತಿ ನೋಡಿ. ಕೆಳಗಿನ ಮನೆಯ ಅಜ್ಜಿ ಒಂದು ದಿನ ಕರೆದು, "ನೋಡಪ್ಪಾ, ಇದು ಹಿಡಿಯೋದೇ ಇಲ್ಲ, ಬೆಳಗ್ಗೆಯಿಂದ ಎಳೆದೆಳೆದು ಸಾಕಾಯ್ತು" ಅಂದರು. ಅವರು ಎಳೆದು ಥಟ್ಟನೆ ಕೈ ಬಿಡುತ್ತಿದ್ದರು. ಕೊಳವೆಗೆ ಒಮ್ಮೆಲೇ ವೇಗ ಬಂದು ಕೊಕ್ಕೆ ಹಲ್ಲಿಗೆ ಬೀಳಲು ಸಮಯವೇ ಸಿಗುತ್ತಿರಲಿಲ್ಲ. ಬೇಕಾದಷ್ಟು ಎಳೆದ ಮೇಲೆ ಬಟ್ಟೆಯ ಕೆಳತುದಿಯ ಪಟ್ಟಿಯನ್ನು ಹಿಡಿದೇ ಇರಿ. ಹಿಡಿದುಕೊಂಡೇ ಒಂದೆರಡು ಬೆರಳಿನಷ್ಟು ನಿಧಾನಕ್ಕೆ ಮೇಲೆ ಬಿಡಿ. ಒಳಗಿನಿಂದ ಟಕ್ ಅಂತ ಸಣ್ಣ ಸದ್ದು ಬರುತ್ತದೆ, ಕೈಗೂ ಗೊತ್ತಾಗುತ್ತದೆ. ಆಮೇಲೆ ಕೈ ಬಿಡಿ. ಅಜ್ಜಿಗೆ ಎರಡು ಸಲ ತೋರಿಸಿದೆ, ಮೂರನೆಯದಕ್ಕೆ ಅವರೇ ಟಕ್ ಅನ್ನಿಸಿದರು.

ನಿಧಾನಕ್ಕೆ ಬಿಟ್ಟರೂ ಟಕ್ ಬರದಿದ್ದರೆ ಕೊಕ್ಕೆ ಅಂಟಿಕೊಂಡಿದೆ. ಕಾರಣ ಜಾಸ್ತಿ ಸಲ ದೂಳು, ಅದರ ಮೇಲೆ ಯಾರೋ ಹಾಕಿದ ಎಣ್ಣೆ. ಬ್ಲೈಂಡ್ ಪೂರ್ತಿ ಮೇಲೆ ಹೋಗಲು ಬಿಡಿ, ಬ್ರಾಕೆಟ್‌ನಿಂದ ತೆಗೆಯಬೇಡಿ. ಚಪ್ಪಟೆ ಪಿನ್ ಇರುವ ತುದಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ, ಇಲ್ಲದಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಹತ್ತು ಸಲ ಎಳೆದು ಬಿಟ್ಟು ಮಾಡಿ. ಆಮೇಲೂ ಹಿಡಿಯದಿದ್ದರೆ ಮಾತ್ರ ಸಿಲಿಕಾನ್ ಸ್ಪ್ರೇ ಒಂದು ಚಿಟಿಕೆಯಷ್ಟು. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಹಾಕಲೇಬೇಡಿ. ಮೊದಲ ವಾರ ನುಣ್ಣಗೆ ಓಡುತ್ತದೆ, ಆಮೇಲೆ ದೂಳು ಸೇರಿ ಗೋಂದಿನ ಹಾಗೆ ಆಗುತ್ತದೆ.

ಬ್ರಾಕೆಟ್ ಕೂಡ ನೋಡಿ. ಹಳೆಯ ಮಾದರಿಗಳಲ್ಲಿ ಕೊಕ್ಕೆ ತನ್ನ ಭಾರಕ್ಕೆ ತಾನೇ ಬೀಳಬೇಕು. ಬ್ರಾಕೆಟ್ ಓರೆಯಾಗಿ ಸೀಳು ವಾಲಿದ್ದರೆ ಅದು ಬೀಳುವ ಕೋನವೇ ತಪ್ಪುತ್ತದೆ. ಸ್ಕ್ರೂ ಸಡಿಲಿಸಿ ನೆಟ್ಟಗೆ ಮಾಡಿದರೆ ಸಾಕಾಗಬಹುದು.

ಇಷ್ಟಕ್ಕೂ ಸರಿಹೋಗದಿದ್ದರೆ ಕೊಕ್ಕೆ ಅಥವಾ ಹಲ್ಲು ಸವೆದಿದೆ. ಇಲ್ಲಿ ನಿಲ್ಲಿಸಿ. ಕೊಕ್ಕೆ ಹಿಡಿಯದ ಬ್ಲೈಂಡನ್ನು ಮನೆಯಲ್ಲಿ ಇಳಿಸುವುದೇ ಅಪಾಯ, ಯಾಕೆಂದರೆ ಪಿನ್ನನ್ನು ತಡೆಯಲು ಒಳಗೆ ಯಾವುದೂ ಇಲ್ಲ. ಬ್ಲೈಂಡ್ ಹಾಕುವವರನ್ನೇ ಕರೆಯಿರಿ.

ಮೇಲೆ ಹೋಗುವುದಿಲ್ಲ, ಅಥವಾ ಅರ್ಧಕ್ಕೇ ನಿಲ್ಲುತ್ತದೆ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ವರ್ಷಗಟ್ಟಲೆ ಎಳೆದು ಬಿಟ್ಟು ಸ್ಪ್ರಿಂಗ್ ದಣಿದಿರುತ್ತದೆ. ಇಲ್ಲವೇ ಗೋಡೆಗೆ ಬಣ್ಣ ಹೊಡೆಸುವಾಗ ಯಾರೋ ಇಳಿಸಿ, ಪಿನ್ ತಿರುಗಿಹೋಗಿ, ಹಾಗೆಯೇ ಮತ್ತೆ ಸಿಕ್ಕಿಸಿರುತ್ತಾರೆ. ಬಣ್ಣದ ಕೆಲಸ ಆದ ಮೇಲೆ ಶುರುವಾದದ್ದಾದರೆ ಬೇರೆ ಕಾರಣ ಹುಡುಕುವ ಮೊದಲು ಬಿಗಿಯನ್ನೇ ನೋಡಿ.

ಆದರೂ ಮೊದಲು ಉಜ್ಜುವಿಕೆ ಇದೆಯೇ ಅಂತ ಪರೀಕ್ಷಿಸಿ. ಕೊಳವೆಯ ತುದಿಗೂ ಬ್ರಾಕೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ. ಸಲೀಸಾಗಿ ಹೋದರೆ ಸರಿ. ಹೋಗದಿದ್ದರೆ ಬ್ರಾಕೆಟ್‌ಗಳು ಕೊಳವೆಯನ್ನು ಒತ್ತಿ ಹಿಡಿದಿವೆ, ಒಂದನ್ನು ಸ್ವಲ್ಪ ಹೊರಕ್ಕೆ ಸರಿಸಿ. ಬಟ್ಟೆಯ ಅಂಚು ಕಿಟಕಿ ಚೌಕಟ್ಟಿಗೋ ಗ್ರಿಲ್‌ಗೋ ತಾಗುತ್ತಿದೆಯೇ ನೋಡಿ. ತಾಗುವ ಜಾಗದಲ್ಲಿ ಬಟ್ಟೆಯ ಮೇಲೆ ಕಪ್ಪು ಗೆರೆ ಬಿದ್ದಿರುತ್ತದೆ. ಕೆಳಗಿನ ಪಟ್ಟಿಗೆ ಮಕ್ಕಳು ಏನಾದರೂ ನೇತುಹಾಕಿದ್ದಾರಾ ಅಂತಲೂ ನೋಡಿ. ಮಳೆಗಾಲದಲ್ಲಿ ಎರಚಲು ಬಡಿದು ಬಟ್ಟೆ ನೆನೆದಿದ್ದರೆ ಭಾರ ಜಾಸ್ತಿ, ಒಣಗಿಸಿ ಆಮೇಲೆ ತೀರ್ಮಾನ ಮಾಡಿ.

ಇವೆಲ್ಲ ಸರಿ ಇದ್ದರೆ ಬಿಗಿ ಹೆಚ್ಚಿಸಬೇಕು. ಸ್ವಲ್ಪ ಲೆಕ್ಕ ತಿಳಿದಿದ್ದರೆ ಒಳ್ಳೆಯದು. ಕೊಳವೆಯ ಅಡ್ಡಳತೆ 32 ಮಿಲಿಮೀಟರ್ ಅಂದುಕೊಳ್ಳಿ. ಸುತ್ತಳತೆ ಸುಮಾರು 100 ಮಿಲಿಮೀಟರ್, ಅಂದರೆ 10 ಸೆಂಟಿಮೀಟರ್ ಬಟ್ಟೆ ಎಳೆದರೆ ಹತ್ತಿರ ಹತ್ತಿರ ಒಂದು ಸುತ್ತು. ಬಟ್ಟೆ ಸುತ್ತಿಕೊಂಡು ದಪ್ಪವಾದಾಗ ಒಂದು ಸುತ್ತಿಗೆ ಇನ್ನೂ ಸ್ವಲ್ಪ ಹೆಚ್ಚು ಬಟ್ಟೆ ಹೋಗುತ್ತದೆ. ಆದರೂ ಅಂದಾಜಿಗೆ ಇದು ಸಾಕು. 20 ಸೆಂಟಿಮೀಟರ್ ಎಳೆದು, ಬ್ರಾಕೆಟ್‌ನಿಂದ ಇಳಿಸಿ, ಬಟ್ಟೆಯನ್ನು ಕೈಯಲ್ಲಿ ಸುತ್ತಿ ಮತ್ತೆ ಹಾಕಿದರೆ ಎರಡು ಸುತ್ತು ಬಿಗಿ ಸೇರಿಸಿದ ಹಾಗೆ, ಅರ್ಧ ಮೀಟರ್ ಅಂದರೆ ಐದು ಸುತ್ತು.

ಮಾಡುವ ಕ್ರಮ ಹೀಗೆ. ಬ್ಲೈಂಡನ್ನು ಅರ್ಧ ಮೀಟರ್ ಎಳೆಯಿರಿ, ಟಕ್ ಅನ್ನಿಸಿ ನಿಲ್ಲಿಸಿ. ನಿಂತಿದೆ ಅಂತ ಕೈ ಸಡಿಲಿಸಿ ಖಚಿತ ಮಾಡಿಕೊಳ್ಳಿ. ಈಗ ಚಪ್ಪಟೆ ಪಿನ್ ಇರುವ ತುದಿಯನ್ನು ಮೊದಲು ಸೀಳಿನಿಂದ ಮೇಲಕ್ಕೆತ್ತಿ. ಬೆರಳು ಪಿನ್ನಿನ ಮೇಲಲ್ಲ, ಕೊಳವೆಯ ಮೇಲಿರಲಿ. ಆಮೇಲೆ ದುಂಡು ಪಿನ್ನನ್ನು ತೂತಿನಿಂದ ಎಳೆದುಕೊಳ್ಳಿ. ಬ್ಲೈಂಡನ್ನು ಮಂಚದ ಮೇಲೋ ನೆಲದ ಮೇಲೋ ಇಟ್ಟು ಬಟ್ಟೆಯನ್ನು ಕೈಯಿಂದಲೇ ಕೊಳವೆಗೆ ಸುತ್ತಿ. ಎರಡೂ ಅಂಚು ಸಮ ಇರಬೇಕು, ಸೀರೆ ಮಡಿಸುವಾಗ ನೋಡುತ್ತೇವಲ್ಲ, ಹಾಗೆ. ಸುತ್ತುವಾಗ ಕೊಕ್ಕೆಗೆ ಹೊಡೆತ ಬೀಳಬಾರದು. ಬಿದ್ದು ಸಡಿಲಾದರೆ ಬಿಗಿಯೆಲ್ಲ ಹೊರಟುಹೋಗುತ್ತದೆ. ಪೂರ್ತಿ ಸುತ್ತಿದ ಮೇಲೆ ದುಂಡು ಪಿನ್ ಮೊದಲು, ಚಪ್ಪಟೆ ಪಿನ್ ಆಮೇಲೆ ಕೂರಿಸಿ.

ಎಳೆದು ನೋಡಿ. ಇನ್ನೂ ಸಾಲದಿದ್ದರೆ 20 ಸೆಂಟಿಮೀಟರ್ ಎಳೆದು ಮತ್ತೊಮ್ಮೆ. ಒಮ್ಮೆಲೇ ಜಾಸ್ತಿ ಕೊಡುವ ಆಸೆ ಬೇಡ. ಸ್ಪ್ರಿಂಗ್‌ಗೆ ತಾಳುವಷ್ಟೇ ಸುತ್ತು, ಮೀರಿದರೆ ಬ್ಲೈಂಡ್ ಪೂರ್ತಿ ಕೆಳಗೆ ಬರುವ ಮೊದಲೇ ಗಟ್ಟಿಯಾಗಿ ನಿಲ್ಲುತ್ತದೆ. ಆಗ ಜೋರಾಗಿ ಎಳೆದರೆ ಸ್ಪ್ರಿಂಗ್ ಮುರಿಯುತ್ತದೆ. ಎರಡು ಮೂರು ಸಲ ಬಿಗಿ ಕೊಟ್ಟ ಮೇಲೂ ವಾರದೊಳಗೆ ಮತ್ತೆ ಸೋತರೆ ಸ್ಪ್ರಿಂಗ್‌ನ ಆಯಸ್ಸು ಮುಗಿದಿದೆ ಅಂತಲೇ ಅರ್ಥ.

ಚಪ್ಪಟೆ ಪಿನ್ನನ್ನು ಇಕ್ಕಳದಿಂದ ಹಿಡಿದು ತಿರುಗಿಸಿ ಬಿಗಿ ಕೊಡುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಇಕ್ಕಳ ಜಾರಿದರೆ ಅದೇ ಇಕ್ಕಳ ಮುಖಕ್ಕೆ ಬರುತ್ತದೆ. ಹೊಸ ಕೆಲವು ಬ್ಲೈಂಡ್‌ಗಳ ತುದಿಯ ಮುಚ್ಚಳದಲ್ಲೇ ಬಿಗಿ ಹೊಂದಿಸುವ ಸಣ್ಣ ಚಕ್ರವೋ ಸ್ಕ್ರೂವೋ ಇರುತ್ತದೆ. ಇದ್ದರೆ ಇಳಿಸುವ ಗೋಜೇ ಇಲ್ಲ, ಒಂದೊಂದೇ ಸುತ್ತು ತಿರುಗಿಸಿ ನೋಡಿ.

ಚಟಾರ್ ಅಂತ ಮೇಲೆ ಹೋಗಿ ಬಡಿಯುತ್ತದೆ

ಇದು ತಿರುಗುಮುರುಗು ದೋಷ, ಬಿಗಿ ಜಾಸ್ತಿ. ಸಲೀಸು ಅನ್ನಿಸಿದರೂ ಹಾಗೇ ಬಿಡಬೇಡಿ. ಕೆಳಪಟ್ಟಿ ಪ್ರತಿ ಸಲ ಕೊಳವೆಗೆ ಬಡಿದು ಪಿನ್ ಬಾಗುತ್ತದೆ, ಬಟ್ಟೆಯ ಹೊಲಿಗೆ ಬಿಚ್ಚುತ್ತದೆ, ಹತ್ತಿರ ನಿಂತವರ ಕಣ್ಣಿಗೂ ಅಪಾಯ. ಬಿಗಿ ಹೊಂದಿಸುವವರೆಗೆ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಮೇಲೆ ಕಳಿಸಿ.

ಬಿಗಿ ಇಳಿಸುವುದು ಮೇಲಿನದರ ಉಲ್ಟಾ. ಬ್ಲೈಂಡ್ ಹೆಚ್ಚುಕಮ್ಮಿ ಪೂರ್ತಿ ಮೇಲಿರುವಾಗ ಬ್ರಾಕೆಟ್‌ನಿಂದ ಇಳಿಸಿ, 20 ಸೆಂಟಿಮೀಟರ್ ಬಟ್ಟೆಯನ್ನು ಕೈಯಿಂದ ಬಿಚ್ಚಿ, ಬಿಚ್ಚಿದ ಸ್ಥಿತಿಯಲ್ಲೇ ಬ್ರಾಕೆಟ್‌ಗೆ ಕೂರಿಸಿ. ಎರಡು ಸುತ್ತು ಬಿಗಿ ಕಡಿಮೆ ಆಯಿತು. ಆದರೆ ಇಳಿಸುವ ಮೊದಲು, ಸ್ವಲ್ಪ ಎಳೆದರೆ ಕೊಕ್ಕೆ ಹಿಡಿಯುತ್ತದೆಯೇ ಅಂತ ನೋಡಿ, ಹಿಡಿದ ಮೇಲೇ ಎತ್ತಿ.

ಬಟ್ಟೆ ಒಂದು ಕಡೆಗೆ ಸರಿದು ಅಂಚು ಮುದುಡುತ್ತದೆ

ಇಲ್ಲಿ ತಪ್ಪು ಸ್ಪ್ರಿಂಗ್‌ದಲ್ಲ. ಎರಡು ಬ್ರಾಕೆಟ್ ಸಮಮಟ್ಟದಲ್ಲಿವೆಯೇ ಅಂತ ಗಾರೆಯವರ ರಸಮಟ್ಟ ಇಟ್ಟು ನೋಡಿ. ಕಿಟಕಿ ಚೌಕಟ್ಟಿನಿಂದ ಅಳೆದು ತೃಪ್ತಿಪಡಬೇಡಿ, ಚೌಕಟ್ಟೇ ಸೊಟ್ಟ ಇರಬಹುದು. ತಗ್ಗಿದ ಬ್ರಾಕೆಟ್‌ನ ಕೆಳಗಿನ ಸ್ಕ್ರೂ ಸಡಿಲಾಗಿರುವುದೇ ಜಾಸ್ತಿ.

ಮಟ್ಟ ಸರಿ ಇದ್ದೂ ಸರಿಯುತ್ತಿದ್ದರೆ ಟೇಪಿನ ಉಪಾಯ ಇದೆ. ಕೊಳವೆ ಕಾಣುವ ತನಕ ಬಟ್ಟೆಯನ್ನು ನಿಧಾನಕ್ಕೆ ಎಳೆಯಿರಿ, ಬಟ್ಟೆ ಅಂಟಿಸಿದ ಜಾಗಕ್ಕೆ ಎಳೆತ ಬೀಳದಂತೆ. ಬಟ್ಟೆ ಎಡಕ್ಕೆ ಸರಿಯುತ್ತಿದ್ದರೆ ಕೊಳವೆಯ ಬಲತುದಿಗೆ, ಬಲಕ್ಕಾದರೆ ಎಡತುದಿಗೆ, ಒಂದಿಂಚು ಮಾಸ್ಕಿಂಗ್ ಟೇಪ್ ಒಂದೇ ಪದರ ಅಂಟಿಸಿ. ಆ ತುದಿ ಕೂದಲೆಳೆಯಷ್ಟು ದಪ್ಪವಾಗಿ ಬಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಸಾಲದಿದ್ದರೆ ಮಾತ್ರ ಇನ್ನೊಂದು ಪದರ.

ಸದ್ದು ಮಾಡುತ್ತದೆ

ಕಿರ್ ಕಿರ್ ಅಂತ ಎಳೆದಾಗಲೆಲ್ಲ ಬಂದರೆ ಪಿನ್ ಒಣಗಿದೆ. ದುಂಡು ಪಿನ್ನಿಗೆ ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು ಬಿಟ್ಟು ಒರೆಸಿ. ಗೊರ ಗೊರ ಅಂತ ಕೊಳವೆಯ ಒಳಗಿನಿಂದ ಬಂದರೆ ಸ್ಪ್ರಿಂಗ್ ಗೋಡೆಗೆ ತಾಗುತ್ತಿದೆ, ಕೆಲಸ ಸರಿಯಾಗಿ ಆಗುತ್ತಿದ್ದರೆ ತೊಂದರೆಯಿಲ್ಲ.

ಠಣ್ ಅಂತ ಒಂದೇ ಒಂದು ಸದ್ದು ಬಂದು, ಆಮೇಲೆ ಬ್ಲೈಂಡ್ ಎಳೆದರೆ ಯಾವ ಎದುರೆಳೆತವೂ ಇಲ್ಲದೆ ಸುರ್ ಅಂತ ಇಳಿದರೆ ಸ್ಪ್ರಿಂಗ್ ಮುರಿದಿದೆ. ಅಲುಗಿಸಿದರೆ ಒಳಗೆ ಲೋಹದ ತುಂಡು ಗಲಗಲ ಅನ್ನುತ್ತದೆ. ಮುರಿದ ಸ್ಪ್ರಿಂಗನ್ನು ಬೆಸೆಯಲು, ಜೋಡಿಸಲು ಆಗುವುದಿಲ್ಲ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಅಲ್ಲಿ ಪಿನ್ನಿನ ಸುತ್ತ ಕೆಂಪು ಪುಡಿ ಉದುರಿದ್ದು ಕಂಡರೆ ಸದ್ದಿಗಾಗಿ ಕಾಯಬೇಡಿ.

ಬ್ಲೈಂಡ್ ಕಳಚಿ ಬಿತ್ತು

ಬೀಳುತ್ತಿರುವಾಗ ಹಿಡಿಯಲು ಹೋಗಬೇಡಿ, ಬೀಳಲಿ. ಪಿನ್ ತಿರುಗುವುದು ನಿಂತ ಮೇಲೆ ಎತ್ತಿ. ಆಮೇಲೆ ಬ್ರಾಕೆಟ್ ನೋಡಿ. ಟೊಳ್ಳು ಬ್ಲಾಕಿನ ಗೋಡೆಯಾದರೆ ಸ್ಕ್ರೂ ಹಿಡಿಯಲು ಗೋಡೆಯ ತೂತಿಗೆ ತೂರಿಸಿದ ಪ್ಲಗ್ ಸಡಿಲಾಗಿ ಸ್ಕ್ರೂ ಸಮೇತ ಕೈಗೆ ಬರುತ್ತದೆ. ಬೆಂಕಿಕಡ್ಡಿ ತುರುಕಿ ಅದೇ ಸ್ಕ್ರೂ ತಿರುಗಿಸುವುದನ್ನು ತುಂಬ ಮನೆಗಳಲ್ಲಿ ನೋಡಿದ್ದೇನೆ, ದಯವಿಟ್ಟು ಮಾಡಬೇಡಿ. ಒಂದು ಅಳತೆ ದೊಡ್ಡ ಪ್ಲಗ್ ಮತ್ತು ಅದಕ್ಕೆ ತಕ್ಕ ಸ್ಕ್ರೂ ಹಾಕಿ. ಗೋಡೆ ಪುಡಿಪುಡಿ ಉದುರುತ್ತಿದ್ದರೆ ಎರಡಿಂಚು ಪಕ್ಕಕ್ಕೆ ಹೊಸ ತೂತು ಕೊರೆಸಿ. ಪಿನ್ ತಿರುಗಿ ಬಿಗಿಯೆಲ್ಲ ಹೋಗಿರುವುದರಿಂದ ಹಾಕಿದ ಮೇಲೆ ಮೊದಲಿನಿಂದ ಬಿಗಿ ಕೊಡಬೇಕು.

ಚೈನ್ ಇರುವ ಬ್ಲೈಂಡ್, ಎಳೆಯಲು ಕಲ್ಲಿನಂತೆ ಭಾರ

ದೊಡ್ಡ ಕಿಟಕಿಗಳ, ಪಕ್ಕದ ಚೈನ್ ಎಳೆದು ಏರಿಸಿ ಇಳಿಸುವ ಬ್ಲೈಂಡ್‌ನಲ್ಲೂ ಕೊಳವೆಯೊಳಗೆ ಸಹಾಯಕ್ಕೆ ಒಂದು ಸ್ಪ್ರಿಂಗ್ ಇಡುತ್ತಾರೆ, ಬೂಸ್ಟರ್ ಅನ್ನುತ್ತಾರೆ. ಇಳಿಸುವಾಗ ಸಲೀಸು, ಏರಿಸುವಾಗ ಮಾತ್ರ ತೋಳು ನೋಯುವಷ್ಟು ಭಾರ ಅಂದರೆ ಬೂಸ್ಟರ್ ಸೋತಿದೆ. ಏರಿಸಿಟ್ಟದ್ದು ತಾನಾಗಿಯೇ ಮೆಲ್ಲಗೆ ಇಳಿದರೆ ಅದು ಬೂಸ್ಟರ್ ಅಲ್ಲ, ಚೈನ್ ಕೂರುವ ಕ್ಲಚ್ ಜಾರುತ್ತಿದೆ, ಅದೊಂದನ್ನೇ ಬದಲಾಯಿಸಬಹುದು. ಬೂಸ್ಟರ್ ಕೆಲಸ ಮನೆಯಲ್ಲಿ ಬೇಡ.

ಇಲ್ಲೊಂದು ಮಾತು. ಚೈನ್ ನೇತಾಡುತ್ತಿದ್ದರೆ ಇವತ್ತೇ ಗೋಡೆಗೆ ಕ್ಲಿಪ್ ಹಾಕಿ ಬಿಗಿಯಾಗಿ ನಿಲ್ಲಿಸಿ. ಮಕ್ಕಳ ಕುತ್ತಿಗೆಗೆ ಸಿಕ್ಕಿ ಜೀವ ಹೋಗಿರುವುದುಂಟು. ತೊಟ್ಟಿಲು, ಮಂಚ, ಸೋಫಾ ಚೈನ್ ಕೈಗೆಟುಕುವ ಹಾಗೆ ಇಡಬೇಡಿ.

ದಾರವೇ ಇಲ್ಲದ ಬ್ಲೈಂಡ್: ಏರಿಸಿದರೆ ಇಳಿಯುತ್ತದೆ, ಒಂದು ಕಡೆ ವಾಲುತ್ತದೆ

ಮಕ್ಕಳಿಗೆ ದಾರದಿಂದ ಆಗುವ ಅಪಾಯದ ಕಾರಣಕ್ಕೆ ಅಮೆರಿಕದಲ್ಲಿ ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವ ಬ್ಲೈಂಡ್‌ಗಳು 2018ರ ಡಿಸೆಂಬರ್‌ನಿಂದ ದಾರವಿಲ್ಲದವೋ ದಾರ ಕೈಗೆ ಸಿಗದವೋ ಆಗಿರಬೇಕು ಎಂಬ ಮಾನದಂಡ ಬಂತು. ಅಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮವರು ದಿನಾ ನೋಡುವುದು ಇವನ್ನೇ. ಮೇಲಿನ ಪೆಟ್ಟಿಗೆಯೊಳಗೆ ಚಪ್ಪಟೆ ಉಕ್ಕಿನ ಪಟ್ಟಿಯ ಸ್ಪ್ರಿಂಗ್ ಇದ್ದು, ಒಳಗಿನ ದಾರಗಳನ್ನು ಸುತ್ತಿಕೊಳ್ಳುತ್ತದೆ.

ವಾಲಿದ್ದರೆ ಕೆಳಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕೆಳಗೆ ಎಳೆಯಿರಿ, ಸಮ ಮಾಡಿ, ಒಂದೇ ಸಮ ಮೇಲಕ್ಕೆ ತಳ್ಳಿ. ನಾಲ್ಕೈದು ಸಲ ಹೀಗೆ ಮಾಡಿದರೆ ದಾರ ಮತ್ತೆ ಸರಿಯಾಗಿ ಸುತ್ತಿಕೊಳ್ಳುತ್ತದೆ. ಒಂದೇ ಕೈಯಲ್ಲಿ ಒಂದು ಮೂಲೆ ಹಿಡಿದು ಏರಿಸುವುದೇ ವಾಲಲು ಕಾರಣ. ಏರಿಸಿದ್ದು ಇಳಿಯುತ್ತಿದ್ದರೂ ಇದೇ ಮೊದಲ ಉಪಾಯ. ಅದಕ್ಕೂ ಜಗ್ಗದಿದ್ದರೆ ಮನೆ ಮಾಲೀಕರಿಗೆ ಹೇಳಿ. ಪೆಟ್ಟಿಗೆ ಬಿಚ್ಚಬೇಡಿ, ಆ ಪಟ್ಟಿಯ ಅಂಚು ಬ್ಲೇಡಿನ ಹಾಗೆ, ಬಿಚ್ಚಿದ ಕ್ಷಣ ಹಾರುತ್ತದೆ.

ಹೊಸ ಸ್ಪ್ರಿಂಗ್ ತರುವಾಗ

ಕೊಳವೆಯ ತುದಿಯ ಮುಚ್ಚಳ ಕಿತ್ತು ಸ್ಪ್ರಿಂಗ್ ಹೊರಗೆಳೆಯಬೇಡಿ. ಒಂದೇ ಜೋಡಣೆಯಾಗಿ ಬರುವುದನ್ನು ಬಿಚ್ಚದೆ ಹಾಗೆಯೇ ಬದಲಾಯಿಸುವುದು ಸುರಕ್ಷಿತ. ಅಂಗಡಿಗೆ ಹೋಗುವಾಗ ನಾಲ್ಕು ಅಳತೆ ಬರೆದುಕೊಂಡು ಹೋಗಿ: ಕೊಳವೆಯ ಒಳ ಅಡ್ಡಳತೆ, ಬ್ರಾಕೆಟ್‌ನಿಂದ ಬ್ರಾಕೆಟ್‌ಗೆ ದೂರ, ಬ್ಲೈಂಡ್ ಇಳಿಯುವ ಉದ್ದ, ಮತ್ತು ಕೆಳಪಟ್ಟಿ ಸೇರಿ ಬಟ್ಟೆಯ ತೂಕ. ತೂಕ ಯಾರೂ ಕೇಳುವುದಿಲ್ಲ, ನೀವೇ ಹೇಳಿ. ತಿಳಿ ಬಟ್ಟೆಗೆ ಲೆಕ್ಕ ಹಾಕಿದ ಸ್ಪ್ರಿಂಗನ್ನು ಬಿಸಿಲು ತಡೆಯುವ ದಪ್ಪ ಬಟ್ಟೆಗೆ ಹಾಕಿಕೊಟ್ಟರೆ ಮೊದಲ ದಿನದಿಂದಲೇ ಅರ್ಧಕ್ಕೆ ನಿಲ್ಲುತ್ತದೆ. ಚಪ್ಪಟೆ ಪಿನ್ ಎಡಕ್ಕಿತ್ತೋ ಬಲಕ್ಕಿತ್ತೋ ಅಂತ, ಇಳಿಸುವ ಮೊದಲೇ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.